ಅಧಿಕ ಕೊಲೆಸ್ಟರಾಲ್ ಮತ್ತು ಆಹಾರ ಕ್ರಮ: ಸಾರ್ವಜನಿಕರಿಗೆ ಮಾಹಿತಿ

ಕೊಲೆಸ್ಟರಾಲ್ ಎಂದರೇನು?

ಕೊಲೆಸ್ಟರಾಲ್ ಮೇಣದಂತಹ ಒಂದು ಕೊಬ್ಬಿನ ಪದಾರ್ಥವಾಗಿದ್ದು, ಜೀವಕೋಶಗಳ ಹೊದಿಕೆ, ಕೆಲವು ಹಾರ್ಮೋನುಗಳು ಹಾಗೂ ಪಿತ್ತರಸದ ರಚನೆಗೆ ಅವಶ್ಯಕವಾಗಿರುತ್ತದೆ. ದೇಹಕ್ಕೆ ಬೇಕಾದ ಬಹುಪಾಲನ್ನು ದೇಹವೇ, ವಿಶೇಷವಾಗಿ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಇದನ್ನು ರಕ್ತದಲ್ಲಿ ಸಾಗಿಸುವ ಕಣಗಳ ಪೈಕಿ ಎಲ್‌ಡಿಎಲ್ ಪ್ರಮಾಣವು ಹೆಚ್ಚಾದಲ್ಲಿ ರಕ್ತನಾಳಗಳ ಒಳಗೋಡೆಯಲ್ಲಿ ಜಿಡ್ಡು ಸಂಗ್ರಹವಾಗಿ, ಕಾಲಕ್ರಮೇಣ ಹೃದಯಾಘಾತ ಹಾಗೂ ಪಾರ್ಶ್ವವಾಯುವಿಗೆ ಕಾರಣವಾಗುತ್ತದೆ. ಸಾಮಾನ್ಯವಾಗಿ ಯಾವುದೇ ಮುನ್ಸೂಚನೆ ಇರುವುದಿಲ್ಲ. ರಕ್ತ ಪರೀಕ್ಷೆಯೇ ತಿಳಿಯುವ ಮಾರ್ಗ. ದಕ್ಷಿಣ ಏಷ್ಯಾದ ಜನರಲ್ಲಿ ಹೃದಯಾಘಾತವು ಇತರರಿಗಿಂತ ಕಡಿಮೆ ವಯಸ್ಸಿನಲ್ಲಿಯೇ ಸಂಭವಿಸುವುದು ಅಧ್ಯಯನಗಳಿಂದ ಕಂಡುಬಂದಿದ್ದು, ಇದನ್ನು ವೃದ್ಧರ ಸಮಸ್ಯೆಯೆಂದು ಭಾವಿಸತಕ್ಕದ್ದಲ್ಲ.

ವರದಿಯಲ್ಲಿ ಒಟ್ಟು ಕೊಲೆಸ್ಟರಾಲ್ ಪ್ರತಿ ಡೆಸಿಲೀಟರ್‌ಗೆ 200 ಮಿ.ಗ್ರಾಂ. ಒಳಗಿರುವುದು ಅಪೇಕ್ಷಣೀಯ, 240 ಮತ್ತು ಅದಕ್ಕೂ ಮೇಲ್ಪಟ್ಟು ಅಧಿಕವೆಂದು ಪರಿಗಣಿಸಲಾಗುತ್ತದೆ. ಎಲ್‌ಡಿಎಲ್ 100ರ ಒಳಗಿರುವುದು ಉತ್ತಮ. ಮಧುಮೇಹ ಅಥವಾ ಹೃದ್ರೋಗ ಇರುವವರಿಗೆ ವೈದ್ಯರು ಇನ್ನೂ ಕಡಿಮೆ ಮಿತಿಯನ್ನು ಸೂಚಿಸುತ್ತಾರೆ.

ಯಾವ ಕೊಬ್ಬು, ಎಷ್ಟು?

ಆಹಾರದಲ್ಲಿರುವ ಕೊಲೆಸ್ಟರಾಲ್‌ಗಿಂತಲೂ ಪರ್ಯಾಪ್ತ ಕೊಬ್ಬು ರಕ್ತದ ಎಲ್‌ಡಿಎಲ್ ಪ್ರಮಾಣವನ್ನು ಹೆಚ್ಚು ಏರಿಸುತ್ತದೆ. ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಂಪಡೆಯುವ ಯಕೃತ್ತಿನ ಸಾಮರ್ಥ್ಯವನ್ನು ಈ ಕೊಬ್ಬು ಕುಗ್ಗಿಸುವುದೇ ಇದಕ್ಕೆ ಕಾರಣ. ಅಡುಗೆ ಎಣ್ಣೆಯ ಪೊಟ್ಟಣಗಳ ಮೇಲೆ ಕಂಡುಬರುವ "ಕೊಲೆಸ್ಟರಾಲ್ ಮುಕ್ತ" ಎಂಬ ಬರಹದಿಂದ ಗ್ರಾಹಕರಿಗೆ ಹೆಚ್ಚಿನ ತಿಳಿವಳಿಕೆ ದೊರೆಯುವುದಿಲ್ಲ. ಯಾವುದೇ ಸಸ್ಯಜನ್ಯ ಎಣ್ಣೆಯಲ್ಲಿ ಗಣನೀಯ ಕೊಲೆಸ್ಟರಾಲ್ ಇರುವುದೇ ಇಲ್ಲ. ಆದರೆ ಕೊಬ್ಬರಿ ಎಣ್ಣೆಯ ಸುಮಾರು ಶೇ. 90, ತಾಳೆ ಎಣ್ಣೆಯ ಸುಮಾರು ಅರ್ಧದಷ್ಟು ಭಾಗ ಪರ್ಯಾಪ್ತ ಕೊಬ್ಬಾಗಿರುತ್ತದೆ. ತುಪ್ಪದಲ್ಲಿ ಇದು ಶೇ. 60ಕ್ಕೂ ಹೆಚ್ಚು, ಕಡಲೆಕಾಯಿ ಎಣ್ಣೆಯಲ್ಲಿ ಶೇ. 20ರ ಆಸುಪಾಸು, ಸೂರ್ಯಕಾಂತಿ ಎಣ್ಣೆಯಲ್ಲಿ ಇನ್ನೂ ಕಡಿಮೆ. ಆದ್ದರಿಂದ ಪೊಟ್ಟಣದ ಹಿಂಬದಿಯ ಪೋಷಕಾಂಶಗಳ ಪಟ್ಟಿಯನ್ನು ಓದುವುದು ಸೂಕ್ತ.

ದಿನಕ್ಕೆ 2,000 ಕಿಲೋ ಕ್ಯಾಲೊರಿ ಸೇವಿಸುವ ವ್ಯಕ್ತಿಯು ಪರ್ಯಾಪ್ತ ಕೊಬ್ಬನ್ನು, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಶೇ. 10ರ ಮಿತಿಯಲ್ಲಿ, ಸುಮಾರು 22 ಗ್ರಾಂ. ಒಳಗೆ ಇರಿಸಿಕೊಳ್ಳಬೇಕಾಗುತ್ತದೆ. ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿಯೇ ಈ ಮಿತಿ ಮುಗಿಯುತ್ತದೆ. ಕರಾವಳಿಯ ಅಡುಗೆಯಲ್ಲಿ ತೆಂಗನ್ನು ಸಂಪೂರ್ಣ ತ್ಯಜಿಸಬೇಕೆಂಬುದು ಇದರ ಅರ್ಥವಲ್ಲ. ಒಗ್ಗರಣೆ ಹಾಗೂ ಕರಿಯುವಿಕೆಗೆ ಬೇರೆ ಎಣ್ಣೆಯನ್ನು ಬಳಸಿ, ತುರಿದ ಕಾಯಿಯನ್ನು ಮಿತಗೊಳಿಸಿದರೂ ವ್ಯತ್ಯಾಸವಾಗುತ್ತದೆ. ಎಣ್ಣೆಯ ಲೆಕ್ಕವನ್ನು ತಿಂಗಳ ದಿನಸಿಯಲ್ಲಿಯೇ ಹಿಡಿಯಬಹುದು: ನಾಲ್ವರ ಕುಟುಂಬಕ್ಕೆ ತಿಂಗಳಿಗೆ 2 ಲೀಟರ್ ಎಂದರೆ ತಲಾ ದಿನಕ್ಕೆ ಸುಮಾರು 15 ಗ್ರಾಂ. ಆಗುತ್ತದೆ.

ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಇವೆಲ್ಲಕ್ಕಿಂತ ಹಾನಿಕರ. 2022ರ ಜನವರಿಯಿಂದ ಇದು ಶೇ. 2ನ್ನು ಮೀರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ನಿಗದಿಪಡಿಸಿದೆ. ಆದಾಗ್ಯೂ ಪಫ್, ಖಾರಾ ಬಿಸ್ಕತ್ತು ಮುಂತಾದ ಬೇಕರಿ ತಿನಿಸುಗಳಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚಾಗಿಯೇ ಇರುತ್ತದೆ. ಬೋಂಡಾ, ಬಜ್ಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸಬಾರದು.

ಹಾಲಿನ ವಿಷಯದಲ್ಲಿ ಪೂರ್ಣ ಕೆನೆ ಹಾಲಿನಲ್ಲಿ ಶೇ. 6, ಟೋನ್ಡ್ ಹಾಲಿನಲ್ಲಿ ಶೇ. 3, ಡಬಲ್ ಟೋನ್ಡ್ ಹಾಲಿನಲ್ಲಿ ಶೇ. 1.5ರಷ್ಟು ಕೊಬ್ಬು ಇರುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 200 ಮಿ.ಗ್ರಾಂ. ಕೊಲೆಸ್ಟರಾಲ್ ಇದ್ದು, ಅದೆಲ್ಲವೂ ಹಳದಿ ಭಾಗದಲ್ಲಿದೆ. ಅಧಿಕ ಎಲ್‌ಡಿಎಲ್ ಅಥವಾ ಮಧುಮೇಹ ಉಳ್ಳವರು ಹಳದಿ ಭಾಗದ ಬಗ್ಗೆ ವೈದ್ಯರ ಸಲಹೆ ಪಡೆಯುವುದು. ಬಿಳಿ ಭಾಗಕ್ಕೆ ಈ ನಿರ್ಬಂಧವಿಲ್ಲ.

ಬಿಟ್ಟ ಆಹಾರದ ಬದಲಿಗೆ ಏನನ್ನು ಸೇವಿಸಬೇಕು?

ವರದಿ ಕಂಡು ಭಯಪಟ್ಟು ತುಪ್ಪ, ಮಾಂಸ ಬಿಟ್ಟವರು ಅನೇಕ ವೇಳೆ ಬಿಳಿ ಅನ್ನ, ಮೈದಾ, ಬಿಸ್ಕತ್ತು ಹಾಗೂ ಸಕ್ಕರೆಯಿಂದ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಇದರಿಂದ ಟ್ರೈಗ್ಲಿಸರೈಡ್ ಏರಿ, ಎಚ್‌ಡಿಎಲ್ ಇಳಿಯುವ ಸಂಭವವಿದೆ. ಭಾರತೀಯರಲ್ಲಿ ಮೊದಲೇ ಸಾಮಾನ್ಯವಾಗಿರುವ ದೋಷವೂ ಇದೇ ಆಗಿರುತ್ತದೆ.

ಬದಲಿಗೆ ಕಾಳುಗಳ ಪ್ರಮಾಣವನ್ನು ಹೆಚ್ಚಿಸಬೇಕು. ಅವರೆ, ಅಲಸಂದೆ, ಹುರುಳಿ, ಹೆಸರು, ಕಡಲೆ, ಮೆಂತ್ಯ, ಜವೆಗೋಧಿ, ಓಟ್ಸ್ ಹಾಗೂ ಸೀಬೆಹಣ್ಣಿನಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಹೊರಸಾಗಿಸುತ್ತದೆ. ಅದನ್ನು ಪುನಃ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲ್ ಅನ್ನು ಎಳೆದುಕೊಳ್ಳುತ್ತದೆ. ರಾಗಿ ಮುದ್ದೆಯನ್ನೇ ಔಷಧವೆಂದು ನಂಬುವವರಿದ್ದಾರೆ. ವಾಸ್ತವವಾಗಿ ಮುದ್ದೆಯ ಜೊತೆಗಿನ ಬಸ್ಸಾರು, ಹುರುಳಿಕಟ್ಟು, ಸೊಪ್ಪಿನ ಪಲ್ಯಗಳ ಪಾತ್ರವೂ ಕಡಿಮೆಯದಲ್ಲ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕಾಳುಪಲ್ಯ, ಅಗಸಿ ಚಟ್ನಿಯ ಊಟವೂ ಈ ದೃಷ್ಟಿಯಿಂದ ಉತ್ತಮ. ಚಟ್ನಿಪುಡಿಯಲ್ಲಿನ ಉಪ್ಪಿನ ಬಗ್ಗೆ ಮಾತ್ರ ಎಚ್ಚರವಿರಲಿ. ಮೀನು ಸೇವಿಸುವವರಿಗೆ ಬಂಗುಡೆ, ಬೂತಾಯಿ ಸೂಕ್ತ, ಆದರೆ ಕರಿದದ್ದಲ್ಲ.

ಮಾತ್ರೆ ಸೇವಿಸುತ್ತಿರುವವರ ಗಮನಕ್ಕೆ

ಆಹಾರ ಕ್ರಮದಿಂದ ಎಲ್‌ಡಿಎಲ್ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಇಳಿಯಬಹುದು. ಕೆಲವರಿಗೆ ಇದು ಸಾಕಾಗುತ್ತದೆ, ಹಲವರಿಗೆ ಸಾಕಾಗುವುದಿಲ್ಲ. ವೈದ್ಯರು ಸೂಚಿಸಿದ ಸ್ಟ್ಯಾಟಿನ್ ಮಾತ್ರೆಯನ್ನು, ವರದಿ ಸರಿಯಾಯಿತೆಂದು ಅಥವಾ ಬೆಳ್ಳುಳ್ಳಿ, ಮೆಂತ್ಯ ಸೇವಿಸುತ್ತಿರುವೆವೆಂದು ಸ್ವತಃ ನಿಲ್ಲಿಸಕೂಡದು. ಮಾತ್ರೆ ಬಿಟ್ಟಲ್ಲಿ ಪ್ರಮಾಣವು ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ತಂದೆ ಅಥವಾ ಸಹೋದರರಿಗೆ 55ಕ್ಕೆ ಮೊದಲು, ತಾಯಿ ಅಥವಾ ಸಹೋದರಿಯರಿಗೆ 65ಕ್ಕೆ ಮೊದಲು ಹೃದಯಾಘಾತವಾಗಿದ್ದಲ್ಲಿ, ಕಾರಣವು ವಂಶಪಾರಂಪರ್ಯವಾಗಿರಬಹುದು. ಅಂತಹ ಕುಟುಂಬದ ಎಲ್ಲರೂ, ಮಕ್ಕಳೂ ಸೇರಿದಂತೆ, ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಪರೀಕ್ಷೆಗೆ ಬರುವಾಗ

ಜಿಲ್ಲಾ ಹಾಗೂ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ ವಿಚಾರಿಸಬಹುದು. ಹಿಂದಿನ ವರದಿಗಳು, ಸೇವಿಸುತ್ತಿರುವ ಮಾತ್ರೆಗಳ ಚೀಟಿ, ಗುರುತಿನ ಚೀಟಿ ಹಾಗೂ ಪಡಿತರ ಚೀಟಿಯನ್ನು ಜೊತೆಯಲ್ಲಿ ತರುವುದು. ಟ್ರೈಗ್ಲಿಸರೈಡ್ ಪರೀಕ್ಷೆಗೆ 9ರಿಂದ 12 ಗಂಟೆ ಉಪವಾಸವಿರುವಂತೆ ಸೂಚಿಸಬಹುದು. ಆ ಅವಧಿಯಲ್ಲಿ ನೀರು ಕುಡಿಯಲು ಅಡ್ಡಿಯಿಲ್ಲ. ಆಹಾರ ಕ್ರಮ ಬದಲಿಸಿದ ಸುಮಾರು ಮೂರು ತಿಂಗಳ ನಂತರ ಪುನಃ ಪರೀಕ್ಷಿಸಿಕೊಳ್ಳುವುದು. ಎದೆನೋವು, ಉಸಿರಾಟದ ತೊಂದರೆ, ಮುಖ ಅಥವಾ ಕೈಯ ಬಲಹೀನತೆ ಹಠಾತ್ತನೆ ಕಂಡುಬಂದಲ್ಲಿ ಪರೀಕ್ಷೆಯ ಸರದಿಗೆ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.