ಸಾಕ್ಷಿದಾರನ ಕಾಯುವಿಕೆ: ಕೋರ್ಟಿನ ಪಡಸಾಲೆಯಲ್ಲಿ ತಿಳಿದಿರಬೇಕಾದುದು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ನಮ್ಮ ಹಿರಿಯರ ಗಾದೆ. ವಾದಿ ಪ್ರತಿವಾದಿಗಳ ಗತಿಯನ್ನು ಸಾರುವ ಈ ಗಾದೆ ಸಾಕ್ಷಿದಾರನ ಮಾತನ್ನೇ ಎತ್ತುವುದಿಲ್ಲ. ಗೆಲ್ಲುವುದಕ್ಕೂ ಸೋಲುವುದಕ್ಕೂ ಏನೂ ಇಲ್ಲದ ಅವನಿಗೆ ಉಳಿಯುವುದು ಕಾಯುವ ಕೆಲಸವೊಂದೇ. ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಸ್ವತಃ ದಾವೆ ಹೂಡಿದವರು ಕಡಿಮೆ. ಆದರೆ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿ, ಹೋಟೆಲಿನ ಗಲ್ಲಾದಲ್ಲಿ ಕುಳಿತವರಾಗಿ, ಬ್ಯಾಂಕಿನ ನೌಕರರಾಗಿ, ಅಪಘಾತವನ್ನು ಕಂಡ ದಾರಿಹೋಕರಾಗಿ ಸಾಕ್ಷಿ ನುಡಿಯಬೇಕಾಗಿ ಬಂದವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಅಂಥವರ ಉಪಯೋಗಕ್ಕಾಗಿ, ನಾವು ಅನುಭವದಿಂದ ಕಲಿತದ್ದನ್ನೂ ಕಾನೂನಿನ ಪುಸ್ತಕಗಳಿಂದ ಅರಿತದ್ದನ್ನೂ ಇಲ್ಲಿ ಒಟ್ಟುಗೂಡಿಸಿದ್ದೇವೆ.

ನಮ್ಮ ಪ್ರಕರಣ ತೀರ ಸಣ್ಣದು. 2013ರ ಮಳೆಗಾಲದಲ್ಲಿ ನಮ್ಮ ಕಟ್ಟಡದ ಕೆಳಮಹಡಿಯ ಮರಾಠಿ ವೃದ್ಧೆಯೊಬ್ಬರ ಮನೆಯಿಂದ ಎರಡು ಹಿತ್ತಾಳೆಯ ಸಮೆಗಳು, ಒಂದು ಕುಕ್ಕರ್ ಹಾಗೂ ಅವರ ದಿವಂಗತ ಪತಿಯ ಕೈಗಡಿಯಾರ ಕಳುವಾದವು. ವಾರದೊಳಗೆ ಪೊಲೀಸರು ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಹಿಡಿದರು. ಸಂಜೆ ಬ್ಯಾಂಕಿನಿಂದ ಮರಳಿ ಕೈಕಾಲು ತೊಳೆಯುವಷ್ಟರಲ್ಲಿ ಪೇದೆಯೊಬ್ಬರು ಬಾಗಿಲಿಗೆ ಬಂದು, "ಕಾಕಾ, ಐದು ನಿಮಿಷದ ಕೆಲಸ, ಠಾಣೆಗೆ ಬನ್ನಿ" ಎಂದು ಮರಾಠಿಯಲ್ಲಿ ಕರೆದರು. ಹೋದೆವು. ಮೇಜಿನ ಮೇಲೆ ಆ ವಸ್ತುಗಳಿದ್ದವು. ಪಂಚನಾಮೆಯ ಕೊನೆಯಲ್ಲಿ ಸಹಿ ಹಾಕಿ ಊಟದ ಹೊತ್ತಿಗೆ ಮನೆ ಸೇರಿದೆವು. ಆ ಸಹಿಯ ನೆನಪೂ ಮಾಸಿದ ಮೇಲೆ, 2016ರಲ್ಲಿ ಸಮನ್ಸ್ ಬಂತು.

ಸಮನ್ಸ್ ಎಂದರೆ ಆಮಂತ್ರಣವಲ್ಲ, ಆಜ್ಞೆ. 2024ರ ಜುಲೈ 1ರಿಂದ 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದ್ದು, ಸಮನ್ಸು ಈಗ ಕೋರ್ಟಿನ ಮೊಹರಿನ ಚಿತ್ರದೊಡನೆ ವಿದ್ಯುನ್ಮಾನ ರೂಪದಲ್ಲೂ ಬರಬಹುದು. ಸಕಾರಣವಿಲ್ಲದೆ ಹಾಜರಾಗದ ಸಾಕ್ಷಿಗೆ ಮ್ಯಾಜಿಸ್ಟ್ರೇಟರು ಸಂಕ್ಷಿಪ್ತ ವಿಚಾರಣೆಯಲ್ಲಿ ಐದು ನೂರು ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹಳೆಯ ಸಂಹಿತೆಯಲ್ಲಿ ಇದು ನೂರು ರೂಪಾಯಿಯಾಗಿತ್ತು. ಉದ್ದೇಶಪೂರ್ವಕವಾಗಿ ತಪ್ಪಿಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯಡಿ ಆರು ತಿಂಗಳವರೆಗಿನ ಸಾದಾ ಸಜೆ ಅಥವಾ ಹತ್ತು ಸಾವಿರ ರೂಪಾಯಿಗಳವರೆಗಿನ ದಂಡ ಅಥವಾ ಎರಡೂ ಆಗಬಹುದು. ವಾಸ್ತವದಲ್ಲಿ ಮೊದಲು ಬರುವುದು ಜಾಮೀನು ಸಹಿತ ವಾರಂಟು. ಮನೆಯ ಬಾಗಿಲಿಗೆ ವಾರಂಟು ಹಿಡಿದು ಪೊಲೀಸರು ಬಂದರೆ ನೆರೆಹೊರೆಯವರು ಸಾಕ್ಷಿ ಯಾರು ಆರೋಪಿ ಯಾರು ಎಂದು ವಿಚಾರಿಸುತ್ತ ಕೂರುವುದಿಲ್ಲ. ಕಾಯಿಲೆಯೋ ಮಗಳ ಮದುವೆಯೋ ಅಡ್ಡಬಂದರೆ, ದಾಖಲೆಯ ಸಹಿತ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸುವುದು ಕ್ಷೇಮ.

ಸಮನ್ಸ್ ಕೈಗೆ ಬಂದೊಡನೆ ಪ್ರಕರಣದ ಸಂಖ್ಯೆ, ಕೋರ್ಟಿನ ಕೊಠಡಿ ಸಂಖ್ಯೆ ಹಾಗೂ ಠಾಣೆಯ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮುಂಬಯಿಯಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳು ಒಂದೆಡೆ ಇಲ್ಲ. ಆಝಾದ್ ಮೈದಾನದ ಬಳಿಯ ಕಿಲ್ಲಾ ಕೋರ್ಟಿನಿಂದ ಹಿಡಿದು ಗಿರಗಾಂವ್, ಬಾಂದ್ರಾ, ಕುರ್ಲಾ, ಅಂಧೇರಿ, ಬೊರಿವಲಿ, ಮುಲುಂಡ್‌ವರೆಗೆ ಹರಡಿಕೊಂಡಿವೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹದಿನಾರು ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಕೊಟ್ಟರೆ ಮುಂದಿನ ತಾರೀಖು ಮನೆಯಲ್ಲೇ ತಿಳಿಯುತ್ತದೆ. ಹಿಂದಿನ ಸಂಜೆ ಅದನ್ನು ನೋಡಿಕೊಂಡರೆ ಲೋಕಲ್ ರೈಲಿನ ಒಂದು ವ್ಯರ್ಥ ಪ್ರಯಾಣ ತಪ್ಪೀತು. ಆದರೆ ನ್ಯಾಯಾಧೀಶರು ಅಂದು ಬೆಳಿಗ್ಗೆ ರಜೆ ಹಾಕಿದರೆ ಯಾವ ಜಾಲತಾಣವೂ ನೆರವಾಗದು.

ನಮಗಾದದ್ದು ಅದೇ. ಮೊದಲ ದಿನ ಹನ್ನೊಂದಕ್ಕೆ ಮುಂಚೆಯೇ ತಲುಪಿ, ಗೋಡೆಗೆ ಅಂಟಿಸಿದ ಅಂದಿನ ಪ್ರಕರಣಗಳ ಪಟ್ಟಿಯಲ್ಲಿ, ಅಂದರೆ ಅಲ್ಲಿಯವರು 'ಬೋರ್ಡ್' ಎಂದು ಕರೆಯುವುದರಲ್ಲಿ, ನಮ್ಮ ಸಂಖ್ಯೆ ಹುಡುಕಿ ನಿಂತೆವು. ಹನ್ನೆರಡೂವರೆಗೆ ಸಾಹೇಬರು ರಜೆಯಲ್ಲಿದ್ದಾರೆ ಎಂದು ತಿಳಿಯಿತು. ಎರಡನೆಯ ಬಾರಿ ಆರೋಪಿಯ ವಕೀಲರು ಬರಲಿಲ್ಲ. ಮೂರನೆಯ ಬಾರಿ ಎಲ್ಲರೂ ಇದ್ದರು. ಠಾಣೆಯಿಂದ ಮುದ್ದೆಮಾಲು, ಅಂದರೆ ಆ ಸಮೆ ಕುಕ್ಕರುಗಳ ಗಂಟು, ಬಂದಿರಲಿಲ್ಲ. ನಮ್ಮ ಸಾಕ್ಷ್ಯ ನಡೆದದ್ದು ನಾಲ್ಕನೆಯ ಸಲ, ಮಧ್ಯಾಹ್ನ ನಾಲ್ಕು ಗಂಟೆಯ ಮೇಲೆ, ಇಪ್ಪತ್ತು ನಿಮಿಷಗಳ ಕಾಲ.

ಸಾಕ್ಷಿಗಳನ್ನು ಒಳಗೆ ಕೂರಿಸದೆ ಪಡಸಾಲೆಯಲ್ಲಿ ಕಾಯಿಸುವುದಕ್ಕೆ ಕಾರಣವಿದೆ. ಮೊದಲಿನವರ ಹೇಳಿಕೆ ಕಿವಿಗೆ ಬಿದ್ದರೆ ಮುಂದಿನವರ ನೆನಪು ಅದರ ಬಣ್ಣ ಹಿಡಿಯುತ್ತದೆ. ನಿಯಮ ಒಳ್ಳೆಯದೇ. ಆದರೆ ಆ ಪಡಸಾಲೆಯಲ್ಲಿ ಇದ್ದದ್ದು ಮೂರು ಬೆಂಚುಗಳು, ಅವುಗಳಲ್ಲಿ ಒಂದಕ್ಕೆ ಕಾಲಿರಲಿಲ್ಲ. ಉಳಿದ ಎರಡರಲ್ಲಿ ಫಿರ್ಯಾದಿ, ಆರೋಪಿ, ಸಾಕ್ಷಿ, ವಕೀಲರ ಗುಮಾಸ್ತ ಎಲ್ಲರೂ ತೊಡೆಗೆ ತೊಡೆ ತಾಗಿಸಿ ಕೂರಬೇಕು. ಮೂರು ಬಾರಿಯೂ ನಮ್ಮ ಪಕ್ಕದಲ್ಲಿ ಕುಳಿತಿದ್ದದ್ದು ಆ ಹುಡುಗನ ತಾಯಿ. ಮನೆಗೆಲಸದವರು, ತಾರೀಖಿನ ದಿನ ಎರಡು ಮನೆಗಳ ಕೆಲಸ ಬಿಟ್ಟು ಬರುತ್ತಿದ್ದರು. ಊಟದ ಬಿಡುವಿನಲ್ಲಿ ಡಬ್ಬಿ ತೆರೆದು ನಮ್ಮತ್ತಲೂ ಚಾಚಿದರು. ನಾವು ಯಾವ ಪಕ್ಷದ ಸಾಕ್ಷಿ ಎಂಬುದು ಆಕೆಗೆ ಗೊತ್ತಿತ್ತು. ಸಂಕೋಚದಿಂದ ಬೇಡವೆಂದೆವು. ಆರೋಪಿಯ ಕಡೆಯವರೊಡನೆಯಾಗಲಿ ಫಿರ್ಯಾದಿಯ ಕಡೆಯವರೊಡನೆಯಾಗಲಿ ಪ್ರಕರಣದ ಮಾತು ಆಡದಿರುವುದೇ ಸರಿ ಎಂದು ಓದುಗರಿಗೂ ಹೇಳುತ್ತೇವೆ. ಹವಾಮಾನದ ಬಗ್ಗೆ, ರೈಲಿನ ಬಗ್ಗೆ ಎಷ್ಟು ಬೇಕಾದರೂ ಆಡಬಹುದು.

ಕಾಯುವವನ ಪಾಡು ಮೇಲಿನವರಿಗೆ ತಿಳಿಯದ ಸಂಗತಿಯೇನಲ್ಲ. ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ, ದೂರದಿಂದ ಬಂದ ಸಾಕ್ಷಿ ಮತ್ತೆ ಮತ್ತೆ ಮುಂದೂಡಿಕೆಯನ್ನೇ ಕಾಣುವುದನ್ನೂ, ಕೂರಲು ಜಾಗ, ಕುಡಿಯಲು ನೀರು ಸಹ ಇಲ್ಲದಿರುವುದನ್ನೂ ಕಟುವಾಗಿ ಎತ್ತಿ ಹೇಳಿತು. ಅದೇ ವರ್ಷ ಕೇಂದ್ರ ಸರಕಾರವು ಕ್ರಿಮಿನಲ್ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಕನ್ನಡಿಗರೇ ಆದ, ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠರು. ಸಾಕ್ಷಿಯನ್ನು ಗೌರವದಿಂದ ಕಾಣಬೇಕು, ಅವನಿಗೆ ಆಸನ, ವಿಶ್ರಾಂತಿ, ಶೌಚಾಲಯ, ನೀರುಗಳಿರುವ ಪ್ರತ್ಯೇಕ ಸ್ಥಳ ಒದಗಿಸಬೇಕು, ನೆರವಿಗೆ ಒಬ್ಬ ಅಧಿಕಾರಿಯಿರಬೇಕು ಎಂದು 2003ರ ಅವರ ವರದಿ ಶಿಫಾರಸು ಮಾಡಿತು. ನಾವು ಕಾಲಿಲ್ಲದ ಬೆಂಚನ್ನು ನೋಡುತ್ತ ನಿಂತದ್ದು ಆ ವರದಿ ಬಂದು ಹದಿಮೂರು ವರ್ಷಗಳ ನಂತರ.

ಸಾಕ್ಷಿಗೆ ಆಸರೆಯಾಗುವ ವಿಧಿಯೊಂದು ಕಾನೂನಿನಲ್ಲೇ ಇದೆ, ಹಲವರಿಗೆ ತಿಳಿದಿಲ್ಲ. ಸಾಕ್ಷಿಗಳು ಹಾಜರಿರುವಾಗ ಅವರನ್ನು ವಿಚಾರಿಸದೆ ಪ್ರಕರಣ ಮುಂದೂಡಬಾರದು, ಮುಂದೂಡಿದರೆ ವಿಶೇಷ ಕಾರಣವನ್ನು ಬರೆದಿಡಬೇಕು ಎಂದು ಹಳೆಯ ಸಂಹಿತೆಯ 309ನೆಯ ಕಲಮೂ ಹೊಸದರ 346ನೆಯ ಕಲಮೂ ಹೇಳುತ್ತವೆ. ಆದ್ದರಿಂದ ಒಳಗೆ ಹೋಗಿ, ನಾವು ಬಂದಿದ್ದೇವೆಂಬುದು ಅಂದಿನ ರೋಜನಾಮೆಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಪೊಲೀಸ್ ಪ್ರಕರಣವಾದರೆ ಠಾಣೆಯ ಪರವಾಗಿ ಕೋರ್ಟಿನ ಕೆಲಸ ನೋಡಿಕೊಳ್ಳುವ 'ಪೈರವಿ' ಅಧಿಕಾರಿಗೆ ಅಥವಾ ಸರಕಾರಿ ಅಭಿಯೋಜಕರಿಗೆ ಹೇಳಿದರೂ ಆದೀತು. ಸುಮ್ಮನೆ ಹೊರಗೆ ನಿಂತಿದ್ದು ಚಹಾ ಕುಡಿಯಲು ಹೋದವನನ್ನು ಕಾಗದಗಳು ಗೈರುಹಾಜರಿ ಎನ್ನುತ್ತವೆ. ಇನ್ನೊಂದು ಸಂಗತಿ: ಜವಾನರ ಕೂಗಿನಲ್ಲಿ ನಮ್ಮ ಕನ್ನಡದ ಹೆಸರುಗಳು ಗುರುತು ಸಿಗದಂತಾಗುತ್ತವೆ. ನಮ್ಮ ಅಡ್ಡಹೆಸರಿನ ಒಂದು ಅಕ್ಷರ ಸಮನ್ಸಿನಲ್ಲೇ ತಪ್ಪಿತ್ತು, ಕೂಗಿನಲ್ಲಿ ಉಳಿದವೂ ತಪ್ಪಿದವು. ಹೆಸರಿಗಿಂತ ಪ್ರಕರಣದ ಸಂಖ್ಯೆಯ ಕಡೆ ಕಿವಿ ಇಟ್ಟಿರುವುದು ಮೇಲು.

ಭತ್ತೆಯ ವಿಷಯ. ಕ್ರಿಮಿನಲ್ ಪ್ರಕರಣದಲ್ಲಿ, ರಾಜ್ಯ ಸರಕಾರದ ನಿಯಮಗಳಿಗೆ ಒಳಪಟ್ಟು, ಸಾಕ್ಷಿಯ ಯುಕ್ತ ಖರ್ಚನ್ನು ಸರಕಾರದಿಂದ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಅದು ತಾನಾಗಿ ಕೈಗೆ ಬರುವುದಿಲ್ಲ, ಅಂದೇ ಕೇಳಬೇಕು. ಸಿವಿಲ್ ದಾವೆಯಲ್ಲಾದರೆ ಸಾಕ್ಷಿಯನ್ನು ಕರೆಸುವ ಪಕ್ಷವೇ ಪ್ರಯಾಣಾದಿ ವೆಚ್ಚವನ್ನು ಕೋರ್ಟಿನಲ್ಲಿ ಕಟ್ಟಬೇಕು. ಕಚೇರಿಯ ರಜೆಯ ನಿಯಮ ಒಂದೊಂದು ಕಡೆ ಒಂದೊಂದು ಬಗೆ. ನಮಗೆ ನಾಲ್ಕು ದಿನಗಳೂ ನಮ್ಮ ರಜೆಯ ಲೆಕ್ಕದಲ್ಲೇ ಹೋದವು.

ಬ್ಯಾಂಕಿನಲ್ಲಿ ದುಡಿಯುವ ಓದುಗರಿಗೆ ಇಲ್ಲಿಯೇ ಒಂದು ಮಾತು. 1891ರ ಬ್ಯಾಂಕರರ ಲೆಕ್ಕಪುಸ್ತಕಗಳ ಸಾಕ್ಷ್ಯ ಅಧಿನಿಯಮದ ಪ್ರಕಾರ, ಬ್ಯಾಂಕು ಪಕ್ಷಕಾರನಲ್ಲದ ಪ್ರಕರಣದಲ್ಲಿ ದೃಢೀಕೃತ ನಕಲೇ ಸಾಕಾಗುವಲ್ಲಿ, ಕೋರ್ಟಿನ ವಿಶೇಷ ಆದೇಶವಿಲ್ಲದೆ ಅಧಿಕಾರಿಯನ್ನು ಸಾಕ್ಷಿಗೆ ಬರಲೇಬೇಕೆಂದು ಬಲವಂತಪಡಿಸುವಂತಿಲ್ಲ. ಚೆಕ್ ಮರಳಿದ ಪ್ರಕರಣಗಳಲ್ಲಿ 2003ರಿಂದ ಬ್ಯಾಂಕಿನ ಮೆಮೊವನ್ನೇ ಮೇಲ್ನೋಟದ ಪುರಾವೆಯಾಗಿ ಕೋರ್ಟು ಸ್ವೀಕರಿಸುತ್ತದೆ. ಕಾನೂನು ವಿಭಾಗಕ್ಕೆ ಒಂದು ಪತ್ರ ಬರೆದರೆ ಎಷ್ಟೋ ಓಡಾಟ ಉಳಿಯುತ್ತದೆ.

ಇನ್ನು ಕಟಕಟೆ. ಚಲನಚಿತ್ರಗಳಲ್ಲಿ ಕಾಣುವಂತೆ ಗೀತೆಯನ್ನು ಯಾರೂ ತರುವುದಿಲ್ಲ. 1969ರ ಪ್ರಮಾಣವಚನ ಅಧಿನಿಯಮದಂತೆ ದೇವರ ಹೆಸರಿನಲ್ಲಾಗಲಿ ಸತ್ಯನಿಷ್ಠೆಯಿಂದಾಗಲಿ ವಚನ ತೆಗೆದುಕೊಂಡರಾಯಿತು. ಮೊದಲು ಕರೆಸಿದವರ ಮುಖ್ಯ ವಿಚಾರಣೆ, ಬಳಿಕ ಎದುರು ಪಕ್ಷದ ಪಾಟೀಸವಾಲು, ಅಗತ್ಯವಿದ್ದರೆ ಮರುವಿಚಾರಣೆ. ಮರಾಠಿಯಾಗಲಿ ಇಂಗ್ಲಿಷಾಗಲಿ ಸಲೀಸಾಗಿ ಬಾರದ ಹಿರಿಯರು ಕನ್ನಡದಲ್ಲೇ ಹೇಳುತ್ತೇವೆಂದು ಮೊದಲೇ ತಿಳಿಸಬೇಕು. ಅನುವಾದದ ಏರ್ಪಾಟಿಗೆ ಕಾನೂನಿನಲ್ಲಿ ಅವಕಾಶವಿದೆ.

ನಮ್ಮ ಮುಖ್ಯ ವಿಚಾರಣೆ ಸರಾಗವಾಗಿ ನಡೆಯಿತು. ಗಡಿಯಾರವನ್ನು ಗುರುತಿಸಿದೆವು. ಕುಕ್ಕರ್ ಅದೇ ಹೌದೋ ಅಲ್ಲವೋ ನೆನಪಿಲ್ಲವೆಂದೆವು. ನೆನಪಿಲ್ಲದ್ದನ್ನು ನೆನಪಿಲ್ಲವೆನ್ನುವುದರಲ್ಲಿ ಅವಮಾನವಿಲ್ಲ, ಊಹಿಸಿ ಹೇಳುವುದರಲ್ಲೇ ಅಪಾಯ. ಆಮೇಲೆ ಆರೋಪಿಯ ವಕೀಲರು ಎದ್ದು, ನೀವು ಠಾಣೆಗೆ ಹೋದಾಗ ಪಂಚನಾಮೆಯನ್ನು ಬರೆದಾಗಿತ್ತೇ ಎಂದು ಕೇಳಿದರು. ಬರೆದಾಗಿತ್ತು. ವಸ್ತುಗಳು ಹುಡುಗನ ಚೀಲದಿಂದ ಹೊರಬಂದದ್ದನ್ನು ನೀವು ಕಂಡಿರೇ? ಕಂಡಿರಲಿಲ್ಲ, ಮೇಜಿನ ಮೇಲೆ ಕಂಡಿದ್ದೆವು. ಸಹಿ ಹಾಕುವ ಮೊದಲು ಓದಿದಿರೇ? ಕೌಂಟರಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಗ್ರಾಹಕರಿಗೆ "ಓದಿ ಸಹಿ ಹಾಕಿರಿ" ಎನ್ನುವ ನಮಗೆ ಆ ಪ್ರಶ್ನೆಗೆ ಉತ್ತರ ಹೇಳಲು ತುಸು ಹೊತ್ತು ಹಿಡಿಯಿತು. ಓದಿರಲಿಲ್ಲವೆಂದೆವು.

ಹುಡುಗ ಖುಲಾಸೆಯಾದನೆಂದು ಕೆಲವು ತಿಂಗಳ ಮೇಲೆ ಜಾಲತಾಣದಲ್ಲಿ ಕಂಡೆವು. ಅವನು ಕದ್ದಿದ್ದನೇ ಇಲ್ಲವೇ ಎಂಬುದು ನಮಗೆ ಇಂದಿಗೂ ತಿಳಿಯದು. ನಮ್ಮನ್ನು ಕೇಳಿದ್ದೂ ಅದನ್ನಲ್ಲ. ಕೆಳಮಹಡಿಯ ಆ ವೃದ್ಧೆ ನಮ್ಮೊಡನೆ ಒಂದು ವರ್ಷ ಮಾತು ಬಿಟ್ಟಿದ್ದರು. ಗಣೇಶ ಚತುರ್ಥಿಗೆ ಮೋದಕ ಕಳಿಸುವುದೂ ನಿಂತಿತ್ತು. ಅವರಿಗೆ ಗಡಿಯಾರ ಮರಳಿತು, ಆದರೂ ತಪ್ಪಿತಸ್ಥನನ್ನು ನಾವೇ ಬಿಡಿಸಿದೆವೆಂಬ ಭಾವನೆ ಅವರದು. ನಮ್ಮ ಮನೆಯವರು ಸಹ, "ಹೌದು ನೋಡಿದೆ ಅಂದಿದ್ದರೆ ಏನಾಗುತ್ತಿತ್ತು ನಿಮಗೆ?" ಎಂದು ಕೇಳಿದ್ದುಂಟು. ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಏಳು ವರ್ಷಗಳವರೆಗೆ ಸಜೆಯಿದೆ ಎಂದು ಕಾನೂನಿನ ಉತ್ತರ ಕೊಟ್ಟೆವು. ಪಡಸಾಲೆಯ ಡಬ್ಬಿಯ ಮಾತನ್ನು ಎತ್ತಲಿಲ್ಲ.

ಪಂಚರಾಗಿ ಕರೆ ಬಂದಾಗ ಹೋಗಬಾರದೆಂದು ನಾವು ಹೇಳುತ್ತಿಲ್ಲ. ಹೊಸ ಸಂಹಿತೆಯ 105ನೆಯ ಕಲಮಿನಂತೆ ಶೋಧ ಹಾಗೂ ಜಪ್ತಿಯನ್ನು, ಸಾಕ್ಷಿಗಳು ಪಟ್ಟಿಗೆ ಸಹಿ ಹಾಕುವುದನ್ನೂ ಸೇರಿಸಿ, ಧ್ವನಿ-ದೃಶ್ಯ ಮುದ್ರಣ ಮಾಡಲೇಬೇಕು. ಮುದ್ರಣ ನಡೆಯುತ್ತಿದೆಯೇ ಎಂದು ಕೇಳುವುದು ಉದ್ಧಟತನವಲ್ಲ. ಬರೆದದ್ದನ್ನು ಓದಿ, ಬರದ ಲಿಪಿಯಾದರೆ ಓದಿಸಿಕೊಂಡು, ಕಾಣದಿದ್ದುದನ್ನು ಕಂಡೆವೆಂದು ಬರೆದಿದ್ದರೆ ತಿದ್ದಿಸಿ, ಹೋದ ಹೊತ್ತನ್ನು ಮನೆಯ ಡೈರಿಯಲ್ಲಿ ಬರೆದಿಡಬೇಕು. ಮೂರು ವರ್ಷಗಳ ನಂತರದ ಕಟಕಟೆಗೆ ಆ ಒಂದು ಸಾಲು ಬಹಳ. ಊರು ಬಿಟ್ಟು ಹೋದವರಿಗೆ ದೃಶ್ಯ ಸಂಪರ್ಕದ ಮೂಲಕ ಸಾಕ್ಷ್ಯ ನುಡಿಯಲು ಅರ್ಜಿ ಹಾಕುವ ದಾರಿಯೂ ಇದೆ. ಮುಂಬಯಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದಲೇ ಹೊರಟ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಇದನ್ನು ಒಪ್ಪಿತ್ತು, ಈಗ ಸಂಹಿತೆಯಲ್ಲೇ ಸೇರಿದೆ.

ಸಾಕ್ಷ್ಯ ಮುಗಿದೊಡನೆ ಬ್ಯಾಗು ಹಿಡಿದು ಓಡಬಾರದು. ಬೆರಳಚ್ಚಾದ ಹೇಳಿಕೆಯನ್ನು ಓದಿ ಹೇಳಿದಾಗ ಗಮನವಿಟ್ಟು ಕೇಳಬೇಕು; ತಪ್ಪಿದ್ದರೆ ಆಗಲೇ ಹೇಳಬೇಕು, ಮ್ಯಾಜಿಸ್ಟ್ರೇಟರು ತಿದ್ದುತ್ತಾರೆ ಇಲ್ಲವೇ ಆಕ್ಷೇಪವನ್ನು ಬರೆದುಕೊಳ್ಳುತ್ತಾರೆ. ನಂತರ ಗುಮಾಸ್ತರಿಂದ ಹಾಜರಾತಿಯ ಪ್ರಮಾಣಪತ್ರವನ್ನು ದುಂಡು ಮೊಹರಿನ ಸಹಿತ ಪಡೆದು, ಮತ್ತೆ ಬರಬೇಕೇ ಎಂದು ಸ್ಪಷ್ಟವಾಗಿ ಕೇಳಿಕೊಂಡೇ ಹೊರಡಬೇಕು. ಪಾಟೀಸವಾಲು ಅರ್ಧಕ್ಕೆ ನಿಂತಿದ್ದರೆ ಮುಂದಿನ ತಾರೀಖಿನ ಬೋರ್ಡಿನಲ್ಲೂ ಅದೇ ಪ್ರಕರಣವಿರುತ್ತದೆ, ಹೊಸ ಸಮನ್ಸು ಬಂದೀತೆಂದು ಮನೆಯಲ್ಲಿ ಕುಳಿತರೆ ಬರುವುದು ವಾರಂಟು.