ಮಂಗಳೂರಿನ ಅಶು ಬೆರಾಖಾ ಆದ ಕಥೆ

ಮಂಗಳೂರಿನ ಬಂದರಿನ ಮಾತು ಬಂದರೆ ನಮ್ಮವರಿಗೆ ನೆನಪಾಗುವುದು ಹಂಚು, ಗೋಡಂಬಿ, ಮೀನು, ಮತ್ತು ನಮ್ಮ ಹಿರಿಯರನ್ನು ಮುಂಬಯಿಗೆ ಕರೆತಂದ ಹಡಗು. ಇದೇ ಬಂದರಿಗೆ ಇನ್ನೂ ಹಳೆಯದಾದ, ಹೆಚ್ಚು ಜನರಿಗೆ ತಿಳಿಯದ ಒಂದು ನೆನಪಿದೆ. 1132ನೆಯ ಇಸವಿ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಒಂದು ಪತ್ರ ಬರೆಯಲಾಯಿತು. ಅಶು ಎಂಬ ದಾಸಿಗೆ ಅವಳ ಒಡೆಯ ಕೊಟ್ಟ ಬಿಡುಗಡೆಯ ಪತ್ರ ಅದು. ಒಡೆಯ ಅಬ್ರಹಾಮ್ ಬೆನ್ ಯಿಜು, ಉತ್ತರ ಆಫ್ರಿಕದ ಮಹ್ದಿಯಾ ಪಟ್ಟಣದಿಂದ ಬಂದ ಯೆಹೂದಿ ವರ್ತಕ. ಆ ಪತ್ರದಿಂದ ಅಶುವಿಗೆ ಸ್ವಾತಂತ್ರ್ಯ ಬಂದಿತು, ಜೊತೆಗೆ ಹೊಸ ಧರ್ಮವೂ ಹೊಸ ಹೆಸರೂ ಬಂದವು. ಹೆಸರು ಬೆರಾಖಾ. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಆಶೀರ್ವಾದ ಎಂದು ಅರ್ಥ.

ಒಂದು ಸಮಾಜ ಹೊರಗಿನಿಂದ ಬಂದವರನ್ನು ಹೇಗೆ ಒಳಗೆ ಕರೆದುಕೊಳ್ಳುತ್ತದೆ, ಕರೆದುಕೊಂಡ ಮೇಲೆ ಹೇಗೆ ನಡೆಸಿಕೊಳ್ಳುತ್ತದೆ ಎಂಬ ಪ್ರಶ್ನೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಪರಕೀಯವಾದುದಲ್ಲ. ಆದ್ದರಿಂದ ಈ ಹೆಣ್ಣುಮಗಳ ಕಥೆಯನ್ನು ನಮ್ಮ ಓದುಗರ ಮುಂದಿಡಬೇಕೆನಿಸಿತು.

ಮಂಗಳೂರಿನ ಕಾಗದ ಉಳಿದು ಬಂದದ್ದೇ ಒಂದು ವಿಸ್ಮಯ. ದೇವರ ಹೆಸರಿರುವ ಬರಹವನ್ನು ಕಸಕ್ಕೆ ಎಸೆಯಬಾರದೆಂಬುದು ಯೆಹೂದಿಗಳ ನಿಯಮ. ಹಳೆಯ ಕೈರೋ ಆದ ಫುಸ್ತಾತಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಇಂಥ ಕಾಗದಗಳನ್ನು ತುಂಬಿಡಲು 'ಗೆನೀಜಾ' ಎಂಬ ಕೋಣೆಯಿತ್ತು. ಶತಮಾನಗಳ ಕಾಲ ಜನ ಧರ್ಮಗ್ರಂಥದ ಹಾಳೆಗಳ ಜೊತೆಗೆ ವ್ಯಾಪಾರದ ಪತ್ರ, ಸಾಲದ ಚೀಟಿ, ಮದುವೆಯ ಕರಾರು ಎಲ್ಲವನ್ನೂ ಅದರಲ್ಲಿ ಹಾಕುತ್ತ ಬಂದರು. 1896-97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಒಯ್ದರು. ಇನ್ನಷ್ಟು ಕಾಗದಗಳು ಬೇರೆ ಬೇರೆ ದೇಶಗಳಿಗೆ ಹಂಚಿಹೋದವು. ಅಶುವಿನ ಬಿಡುಗಡೆಯ ಪತ್ರ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಸೇರಿತು. ಇವುಗಳಲ್ಲಿ ಭಾರತದ ವ್ಯಾಪಾರಕ್ಕೆ ಸೇರಿದ್ದನ್ನು ಒಂದುಗೂಡಿಸಲು ಎಸ್. ಡಿ. ಗೊಯ್ಟೈನ್ ದಶಕಗಟ್ಟಲೆ ದುಡಿದರು. ಅವರು 1985ರಲ್ಲಿ ತೀರಿಕೊಂಡ ಮೇಲೆ ಎಂ. ಎ. ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿದರು. ಸಾಮಾನ್ಯ ಓದುಗರಿಗೆ ಬೆನ್ ಯಿಜುವಿನ ಪರಿಚಯವಾದದ್ದು 1992ರಲ್ಲಿ ಬಂದ ಅಮಿತಾವ್ ಘೋಷ್ ಅವರ ಪುಸ್ತಕದಿಂದ. ಆ ಕಾಗದಗಳಲ್ಲಿ ಸ್ವರಚಿಹ್ನೆಯಿಲ್ಲದೆ ಬರೆದಿದ್ದ ಒಬ್ಬ ಆಳಿನ ಹೆಸರು ತುಳುನಾಡಿನ 'ಬೊಮ್ಮ' ಎಂದು ಗುರುತಿಸಲು ಘೋಷ್ ಅವರಿಗೆ ನೆರವಾದವರು ನಮ್ಮ ಬಿ. ಎ. ವಿವೇಕ ರೈ ಅವರು.

ಬೆನ್ ಯಿಜು ಏಡನ್ ಬಂದರಿನ ಮೂಲಕ ಮಲಬಾರಿನ ಕಡೆಗೆ ಬಂದವನು. 1132ರಿಂದ 1149ರವರೆಗಿನ ಹದಿನೇಳು ವರ್ಷಗಳಲ್ಲಿ ಬಹುಪಾಲನ್ನು ಅವನು ಈ ಕರಾವಳಿಯಲ್ಲೇ ಕಳೆದ. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನೂ ಅವನು ಇಟ್ಟುಕೊಂಡಿದ್ದ. ಏಡನ್ನಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ, ಚಾಪೆ, ಮುಖ್ಯವಾಗಿ ಕಾಗದ ಕಳುಹಿಸುತ್ತಿದ್ದರು. ಕಾಗದ ಸಾಲದೆ ಬಂದ ಪತ್ರದ ಬೆನ್ನ ಮೇಲೆಯೇ ಅವನು ಲೆಕ್ಕ ಬರೆದಿಟ್ಟ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ನಮ್ಮ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದಂತೆ. ಹೀಗೆ ನಮಗೆ ಗೊತ್ತಿರುವ ಪರದೇಶವಾಸಿಯ ಬಾಳೇ ಅವನದು: ಗಳಿಕೆ ಒಂದು ಊರಿನಲ್ಲಿ, ಮನಸ್ಸು ಇನ್ನೊಂದು ಊರಿನಲ್ಲಿ.

ಇಂಥವನ ಮನೆಯಲ್ಲಿ ಅಶು ದಾಸಿಯಾಗಿದ್ದಳು. ಅವಳನ್ನು ಮದುವೆಯಾಗಬೇಕೆಂದರೆ ಯೆಹೂದಿ ಧರ್ಮಶಾಸ್ತ್ರದ ದಾರಿ ಒಂದೇ. ಅಲ್ಲಿ ಸ್ವತಂತ್ರ ವ್ಯಕ್ತಿ ಮತಾಂತರವಾಗಬೇಕಾದರೆ ಮೂವರು ಪಂಚರ ಮುಂದೆ ಒಪ್ಪಿಕೊಂಡು ವಿಧಿಪೂರ್ವಕ ಸ್ನಾನ ಮಾಡಬೇಕು. ಗಂಡಸಾದರೆ ಸುನ್ನತಿಯೂ ಆಗಬೇಕು. ಯೆಹೂದಿಯ ಮನೆಗೆ ಸೇರಿದ ದಾಸದಾಸಿಯರು ಅರ್ಧ ದಾರಿಯನ್ನು ಮೊದಲೇ ನಡೆದಂತೆ; ಒಡೆಯ ಬಿಡುಗಡೆಯ ಪತ್ರ ಕೊಟ್ಟರೆ ಉಳಿದರ್ಧವೂ ಮುಗಿದು ಅವರು ಪೂರ್ಣ ಯೆಹೂದಿಗಳಾಗುತ್ತಾರೆ. ಹಾಗೆ ಬಂದವರನ್ನು ಆದಿಪಿತನಾದ ಅಬ್ರಹಾಮನ ಮಗ, ಮಗಳು ಎಂದು ಕರೆಯುವುದು ವಾಡಿಕೆ. ಅವರ ಹಿಂದಿನ ಹುಟ್ಟನ್ನು ಎತ್ತಿ ಆಡಬಾರದೆಂಬ ಕಟ್ಟಳೆಯೂ ಶಾಸ್ತ್ರದಲ್ಲಿದೆ. ಅವರ ದೊಡ್ಡ ಅರಸ ದಾವೀದನ ಮುತ್ತಜ್ಜಿ ರೂತಳು ಮೋವಾಬ್ ನಾಡಿನ ಪರಕೀಯ ಹೆಣ್ಣೆಂಬುದನ್ನು ಅವರ ಧರ್ಮಗ್ರಂಥವೇ ಹೇಳುತ್ತದೆ.

ಶಾಸ್ತ್ರ ಇಷ್ಟು ಸ್ಪಷ್ಟವಾಗಿದ್ದರೂ ಜನದ ಬಾಯಿ ಬೇರೆ. ಬೆನ್ ಯಿಜುವಿಗೆ ಏಡನ್ನಿನಿಂದ ಬಂದ ಪತ್ರಗಳು ಮಕ್ಕಳ ಯೋಗಕ್ಷೇಮವನ್ನು ಕೇಳುತ್ತವೆ. ಸ್ವತಃ ಅವನೇ 1149ರ ಸೆಪ್ಟೆಂಬರಿನಲ್ಲಿ ಏಡನ್ನಿಗೆ ಹಿಂದಿರುಗಿ ತನ್ನ ಅಣ್ಣತಮ್ಮಂದಿರಿಗೆ ಬರೆದಾಗ, ತಾನು ಆಸ್ತಿಯೊಡನೆ, ಮಕ್ಕಳೊಡನೆ ಕ್ಷೇಮವಾಗಿ ಬಂದಿರುವೆನೆಂದು ತಿಳಿಸುತ್ತಾನೆ. ಮಗನಿದ್ದಾನೆ, ಮಗಳಿದ್ದಾಳೆ ಎನ್ನುತ್ತಾನೆ. ಅವರನ್ನು ಹೆತ್ತವಳ ಮಾತು ಆ ಪತ್ರದಲ್ಲಿಲ್ಲ. ಮಂಗಳೂರಿನ ಲೆಕ್ಕದ ಚೀಟಿಯೊಂದರಲ್ಲಿ ಮಾತ್ರ 'ನಾಯರ್' ಎಂಬವನನ್ನು ಹೆಂಡತಿಯ ಕಡೆಯ ನೆಂಟನೆಂದು ಬರೆದುಕೊಂಡಿದ್ದಾನೆ. ಖಾಸಗಿ ಲೆಕ್ಕದಲ್ಲಿ ಒಪ್ಪಿಕೊಂಡ ನೆಂಟಸ್ತಿಕೆ ಊರಿಗೆ ಬರೆದ ಪತ್ರದಲ್ಲಿ ಕಾಣುವುದಿಲ್ಲ.

ಇದು ಉದಾಸೀನವಲ್ಲ, ಆತಂಕ ಎಂದು ನಾವು ತಿಳಿಯಲು ಕಾರಣವಿದೆ. ದಾಸಿಯನ್ನು ಬಿಡುಗಡೆ ಮಾಡಿ ಮದುವೆಯಾದವನ ಮಕ್ಕಳಿಗೆ ಸಮಾಜದಲ್ಲಿ ಯಾವ ಸ್ಥಾನ ಎಂಬ ಧರ್ಮಶಾಸ್ತ್ರದ ಪ್ರಶ್ನೆಯನ್ನು ಕುರಿತ ಕರಡುಗಳು ಅವನ ಕಾಗದಗಳಲ್ಲೇ ಸಿಕ್ಕಿವೆ. ಕೈಯಲ್ಲಿ ಬಿಡುಗಡೆಯ ಪತ್ರವಿತ್ತು, ಶಾಸ್ತ್ರ ಪಕ್ಷದಲ್ಲಿತ್ತು. ಆದರೂ ತಂದೆಯೊಬ್ಬ ಮಕ್ಕಳ ಪರವಾಗಿ ವಾದ ಹೂಡಬೇಕಾಗಿತ್ತು.

ಆ ವಾದದ ತೀರ್ಪು ಯಾವ ಪಂಡಿತರ ಸಭೆಯಲ್ಲೂ ಅಲ್ಲ, ಮಗಳ ಮದುವೆಯಲ್ಲಿ ಸಿಕ್ಕಿತು ಎನ್ನಬಹುದು. ಗಂಡು ಸಂತಾನ ಉಳಿಯಲಿಲ್ಲ. ಉಳಿದವಳು ಸಿತ್ ಅಲ್-ದಾರ್ ಎಂಬ ಮಗಳೊಬ್ಬಳೇ. ತಂದೆ ಯೆಮನ್ನಿನ ಒಳನಾಡಿನಲ್ಲಿದ್ದ ಕಾಲದಲ್ಲಿ ಅವಳು ಏಡನ್ನಿನ ಪ್ರತಿಷ್ಠಿತ ವರ್ತಕ ಖಲಫ್‌ನ ಮನೆಯಲ್ಲಿ ಮೂರು ವರ್ಷ ಇದ್ದಳು. ಆ ಮನೆಯವರೇ ಅವಳನ್ನು ತಮ್ಮ ಮಗನಿಗೆ ಕೇಳಿದರು. ಬೆನ್ ಯಿಜು ಒಪ್ಪಲಿಲ್ಲ. ತನ್ನ ಒಡಹುಟ್ಟಿದವನ ಮಗನಿಗೇ ಕೊಡಬೇಕೆಂದು ಅವನ ಹಟ. ನಾರ್ಮನ್ನರು 1148ರಲ್ಲಿ ಮಹ್ದಿಯಾವನ್ನು ಗೆದ್ದುಕೊಂಡದ್ದರಿಂದ ಅವನ ಬಂಧುಗಳು ಸಿಸಿಲಿಗೆ ಚದುರಿದ್ದರು. ಅವರನ್ನು ಪತ್ರದ ಮೂಲಕ ಹುಡುಕಿಸಿ, ಅಣ್ಣತಮ್ಮಂದಿರಲ್ಲಿ ಒಬ್ಬನಾದ ಯೂಸುಫ್‌ನ ಮಗ ಪೆರಾಹ್ಯಾನನ್ನು ಈಜಿಪ್ಟಿಗೆ ಕರೆಸಿಕೊಂಡ. 1156ರಲ್ಲಿ ಫುಸ್ತಾತಿನಲ್ಲಿ ಮದುವೆ ನಡೆಯಿತು. ತವರಿನಿಂದ ಕೊಟ್ಟ ಒಡವೆ ವಸ್ತ್ರಗಳ ಪಟ್ಟಿ ಇಂದಿಗೂ ಉಳಿದಿದೆ. ಅಳಿಯ ವಿದ್ಯಾವಂತ, ಮುಂದೆ ಈಜಿಪ್ಟಿನ ಯೆಹೂದಿ ಸಮಾಜದಲ್ಲಿ ಧರ್ಮಾಧಿಕಾರಿಯಾದ. ಮಂಗಳೂರಿನ ದಾಸಿಯ ಮಗಳು ಹೀಗೆ ಧರ್ಮಾಧಿಕಾರಿಯ ಮನೆಯೊಡತಿಯಾದಳು. ಮಗಳ ಕಾಲಕ್ಕೆ ಅಂಗೀಕಾರ ಪೂರ್ತಿಯಾಯಿತು. ಅಶುವಿನ ಹೆಸರು ಮಾತ್ರ ಆ ಬಿಡುಗಡೆಯ ಪತ್ರದಲ್ಲೇ ಉಳಿಯಿತು.

ಈ ಮದುವೆಯಾದ ಕೆಲವೇ ವರ್ಷಗಳಲ್ಲಿ ಅದೇ ಫುಸ್ತಾತಿಗೆ ಬಂದು ನೆಲೆಸಿದ ಮಹಾಪಂಡಿತ ಮೈಮೊನಿಡೀಸ್ (1138–1204). ಅವನ ತಮ್ಮ ದಾವೀದನೂ ಭಾರತದ ವ್ಯಾಪಾರಕ್ಕೆ ಹೊರಟವನೇ. ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಓಬದ್ಯನೆಂಬ ಮತಾಂತರಿ ಮೈಮೊನಿಡೀಸ್‌ನಿಗೆ ಒಂದು ಪ್ರಶ್ನೆ ಬರೆದ: ಪ್ರಾರ್ಥನೆಯಲ್ಲಿ ನಮ್ಮ ಪಿತೃಗಳ ದೇವರೇ ಎಂದು ಬರುತ್ತದಲ್ಲ, ನನ್ನ ಪಿತೃಗಳು ಯೆಹೂದಿಗಳಲ್ಲ, ಹಾಗೆ ಹೇಳಲು ನನಗೆ ಹಕ್ಕಿದೆಯೇ? ಒಂದಕ್ಷರವನ್ನೂ ಬದಲಿಸದೆ ಹೇಳಬೇಕೆಂದು ಅವನು ಉತ್ತರ ಕೊಟ್ಟ. ಅಬ್ರಹಾಮನ ದಾರಿಗೆ ಬಂದವರೆಲ್ಲ ಅಬ್ರಹಾಮನ ಮಕ್ಕಳೇ, ಹುಟ್ಟಿ ಬಂದವನಿಗೂ ಒಪ್ಪಿ ಬಂದವನಿಗೂ ಭೇದವಿಲ್ಲ ಎಂಬುದು ಅವನ ತೀರ್ಮಾನದ ಸಾರ.

ಇಲ್ಲಿ ನಮ್ಮ ಓದುಗರಿಗೆ ಕಲ್ಯಾಣದ ನೆನಪಾಗದೆ ಇರದು. ಅದೂ ಅದೇ ಹನ್ನೆರಡನೆಯ ಶತಮಾನ. ಶರಣನಾದವನ ಪೂರ್ವಾಶ್ರಯದ ಕುಲವನ್ನು ಕೇಳಬಾರದೆಂದು ಬಸವಣ್ಣನವರೂ ಅವರ ಸಂಗಡಿಗರೂ ಸಾರಿದರು. ಹರಳಯ್ಯ, ಮಧುವರಸರ ಮನೆಗಳ ನಡುವಿನ ಮದುವೆಗೆ ಕಲ್ಯಾಣ ಎಂಥ ಬೆಲೆ ತೆತ್ತಿತೆಂಬುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ತತ್ತ್ವವನ್ನು ಒಪ್ಪಿದಷ್ಟು ಸುಲಭವಾಗಿ ಹೆಣ್ಣು ಗಂಡು ಕೊಟ್ಟು ತರುವುದನ್ನು ಜನ ಒಪ್ಪುವುದಿಲ್ಲ.

ಅಶುವಿಗೆ ಸಿಕ್ಕ ಅಂಗೀಕಾರ ಎಲ್ಲರಿಗೂ ಸಿಗಲಿಲ್ಲ. ಅದೇ ಕರಾವಳಿಯ ದಕ್ಷಿಣಕ್ಕಿರುವ ಕೊಚ್ಚಿಯನ್ನು ನೋಡೋಣ. ಹದಿನಾರನೆಯ ಶತಮಾನದಲ್ಲಿ ಕೊಚ್ಚಿಯಿಂದ ಕೈರೋವಿನ ಧರ್ಮಗುರು ಡೇವಿಡ್ ಇಬ್ನ್ ಜಿಮ್ರಾನಿಗೆ ಒಂದು ಪ್ರಶ್ನೆ ಹೋಯಿತು. ಇಲ್ಲಿ ಶ್ರೀಮಂತರೂ ದೈವಭಕ್ತರೂ ಆದ ಎಷ್ಟೋ ಯೆಹೂದಿ ಕುಟುಂಬಗಳಿವೆ. ಕುಲೀನರೆನಿಸಿಕೊಂಡ ಕೆಲವರು ಇವರನ್ನು ದಾಸರ ಸಂತತಿ ಎಂದು ಕರೆದು ಸಂಬಂಧ ಬೆಳೆಸುವುದಿಲ್ಲ, ಇದು ಸರಿಯೇ? ವಿಧಿಪೂರ್ವಕ ಸ್ನಾನವಾದ ಮೇಲೆ ಅವರು ಪೂರ್ಣ ಯೆಹೂದಿಗಳು, ಕೊಡುಕೊಳ್ಳುವಿಕೆಗೆ ಅಡ್ಡಿಯಿಲ್ಲ ಎಂದು ಉತ್ತರ ಬಂತು. ಅದೇ ಶತಮಾನದಲ್ಲಿ ಅಲೆಗ್ಸಾಂಡ್ರಿಯದಿಂದ ಬಂದ ಉತ್ತರವೂ ಅದೇ. ಉತ್ತರಗಳು ಬಂದವು, ಆಚಾರ ಬದಲಾಗಲಿಲ್ಲ.

1568ರಲ್ಲಿ ಮಟ್ಟಾಂಚೇರಿಯಲ್ಲಿ ಪರದೇಸಿ ಯೆಹೂದಿಗಳ ಪ್ರಾರ್ಥನಾಮಂದಿರ ಕಟ್ಟಲ್ಪಟ್ಟಿತು. ಅವರ ಮನೆಗಳಲ್ಲಿ ಬಿಡುಗಡೆ ಹೊಂದಿ ಯೆಹೂದಿಗಳಾದವರಿಗೆ 'ಮೆಶುಹ್ರಾರಿಂ', ಅಂದರೆ ಬಿಡುಗಡೆಯಾದವರು, ಎಂಬ ಹೆಸರು ತಲೆಮಾರುಗಳವರೆಗೆ ಅಂಟಿಕೊಂಡಿತು. ಮಂದಿರದಲ್ಲಿ ಅವರಿಗೆ ಆಸನವಿಲ್ಲ; ಹಿಂಭಾಗದಲ್ಲಿ ನೆಲದ ಮೇಲೆ ಕೂರಬೇಕು. ಧರ್ಮಗ್ರಂಥ ಓದಲು ಅವರನ್ನು ಕರೆಯುವಂತಿಲ್ಲ. ಸತ್ತರೆ ಬೇರೆಯ ಹೂಳುನೆಲ. ಪರದೇಸಿ ಎಂಬ ಮಾತು ನಮಗೂ ಗೊತ್ತು, ಹೊರಗಿನಿಂದ ಬಂದವನು ಎಂದು ಅರ್ಥ. ಹೊರಗಿನಿಂದ ಬಂದು ಕೊಚ್ಚಿಯ ಅರಸರ ಆಶ್ರಯ ಪಡೆದು ಬಾಳಿದವರು ತಮ್ಮ ಬಾಗಿಲಿಗೆ ಬಂದವರನ್ನು ಹೊಸಿಲಲ್ಲೇ ನಿಲ್ಲಿಸಿದರು.

ಈ ಹೊಸಿಲನ್ನು ದಾಟಿಸಿದವರು ಅಬ್ರಹಾಂ ಬರಾಕ್ ಸೇಲಂ (1882–1967). ಮೆಶುಹ್ರಾರಿಂ ಮನೆತನದಲ್ಲಿ ಹುಟ್ಟಿ, ಮದರಾಸಿನಲ್ಲಿ ಕಾನೂನು ಓದಿ ವಕೀಲರಾದವರು. 1925ರಿಂದ 1931ರವರೆಗೆ, ಮತ್ತೆ 1939ರಿಂದ 1945ರವರೆಗೆ ಕೊಚ್ಚಿ ಶಾಸನಸಭೆಯ ಸದಸ್ಯರು. 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿಬಂದ ರಾಷ್ಟ್ರೀಯವಾದಿ. ಊರಿನ ಶಾಸನಸಭೆಯಲ್ಲಿ ಕುರ್ಚಿಯಿದ್ದ ಮನುಷ್ಯನಿಗೆ ತನ್ನ ದೇವರ ಮನೆಯಲ್ಲಿ ಬೆಂಚು ಇರಲಿಲ್ಲ. ನೆರೆಯ ತಿರುವಾಂಕೂರಿನಲ್ಲಿ 1924-25ರಲ್ಲಿ ವೈಕಂ ಸತ್ಯಾಗ್ರಹ ನಡೆದಿತ್ತು. ಸೇಲಂ ಆ ಅಸ್ತ್ರವನ್ನೇ ಕೈಗೆತ್ತಿಕೊಂಡರು. ಕೆಲಕಾಲ ಮಂದಿರವನ್ನು ಬಹಿಷ್ಕರಿಸಿದರು, ಮಂದಿರದೊಳಗೇ ಸತ್ಯಾಗ್ರಹ ಹೂಡಿದರು. ಯೆಹೂದಿ ಗಾಂಧಿ ಎಂಬ ಹೆಸರು ಬಂತು. ಅವರು ಧರ್ಮವನ್ನು ಬಿಡಲಿಲ್ಲ, ಬೇರೆ ಮಂದಿರವನ್ನು ಕಟ್ಟಲಿಲ್ಲ. ಇದು ನನ್ನದೂ ಹೌದು ಎಂದು ಪಟ್ಟು ಹಿಡಿದರು. ಒಂದೊಂದಾಗಿ ನಿಷೇಧಗಳು ಸಡಿಲವಾದವು. ಆದರೂ 1950ರಲ್ಲಿ ಅವರ ಮಗನೊಬ್ಬ ಪರದೇಸಿ ಮನೆತನದ ಹುಡುಗಿಯನ್ನು ಮದುವೆಯಾದಾಗ ಸಮಾಜದಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಕೈರೋವಿನ ಗುರು ಅಡ್ಡಿಯಿಲ್ಲವೆಂದು ಬರೆದು ಆಗಲೇ ನಾನೂರು ವರ್ಷಗಳು ಕಳೆದಿದ್ದವು.

ಬಳಿಕ ಕೊಚ್ಚಿಯ ಯೆಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೊರಟುಹೋದರು. ಯಾರು ಎಲ್ಲಿ ಕೂರಬೇಕೆಂದು ಶತಮಾನಗಳ ಕಾಲ ಜಗಳವಾಡಿದ ಮಂದಿರದಲ್ಲಿ ಇಂದು ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ಗಂಡಸರೂ ಊರಿನಲ್ಲಿಲ್ಲ. ಅದರ ಸಮೀಪದ ರಸ್ತೆಗೆ ಸೇಲಂ ಅವರ ಹೆಸರಿದೆ.

ಎರಡು ಕಥೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ತೋರುವುದು ಇಷ್ಟು. ಶಾಸ್ತ್ರ ಬಾಗಿಲು ತೆರೆಯಬಹುದು, ಪತ್ರ ಬರೆದುಕೊಡಬಹುದು, ಹೊಸ ಹೆಸರಿಡಬಹುದು. ಬಂದವರನ್ನು ನಮ್ಮವರನ್ನಾಗಿ ಮಾಡುವುದು ಪಂಕ್ತಿಯಲ್ಲಿ ಹಾಕುವ ಎಲೆ, ಕೊಡುವ ಆಸನ, ಬೆಳೆಸುವ ನೆಂಟಸ್ತಿಕೆ.

ಪರಊರುಗಳಲ್ಲಿ ನೆಲೆಸಿದ ನಮ್ಮ ಮನೆಗಳಿಗೂ ಈಗ ಬೇರೆ ಭಾಷೆಯ, ಬೇರೆ ಜಾತಿಯ, ಬೇರೆ ಮತದ ಸೊಸೆಯಂದಿರೂ ಅಳಿಯಂದಿರೂ ಬರುತ್ತಿದ್ದಾರೆ. ಅವರಲ್ಲಿ ಕೆಲವರು ಮಕ್ಕಳಿಗಾಗಿ ಕನ್ನಡದ ಅಕ್ಷರಗಳನ್ನೂ ಕಲಿಯುತ್ತಿದ್ದಾರೆ. ಸಂಘದ ಸಮಾರಂಭಗಳಲ್ಲಿ ಅವರನ್ನು ಕಂಡಾಗ ಮಕ್ಕಳನ್ನಷ್ಟೇ ಮಾತಾಡಿಸಿ ಮುಂದೆ ಹೋಗುವುದು ಸುಲಭ. ಏಡನ್ನಿನವರು ಮಾಡಿದ್ದೂ ಅದನ್ನೇ. ಅಶುವಿನ ನಾಡಿನಿಂದ ಬಂದವರು ನಾವು. ಊರಿಗೆ ಕ್ಷೇಮಸಮಾಚಾರ ತಿಳಿಸುವಾಗ ಮಕ್ಕಳ ಹೆಸರಿನ ಜೊತೆಗೆ ಅವರನ್ನು ಹೆತ್ತವಳ ಹೆಸರನ್ನೂ ಸೇರಿಸೋಣ.