ಅಗ್ನಿಯು ಉಳಿಸಿದ ಚರಿತ್ರೆ: ತಿರುಮಕೂಡಲು ನರಸೀಪುರದ ನಿದರ್ಶನ

ಮಾನವ ಜೀವನದಲ್ಲಿ ಅಗ್ನಿಯ ಸ್ಥಾನವನ್ನು ವಿಚಾರಿಸುವಾಗ ನಾವು ಅದರ ಬೆಳಕನ್ನೂ ಶಾಖವನ್ನೂ ಮೊದಲು ಸ್ಮರಿಸುತ್ತೇವೆ. ಚರಿತ್ರೆಯ ವಿದ್ಯಾರ್ಥಿಗೆ ಅದರಿಂದ ಮತ್ತೊಂದು ಉಪಕಾರವುಂಟು. ದಹಿಸುವ ಅಗ್ನಿಯೇ ಕೆಲವು ವಸ್ತುಗಳನ್ನು ಸಹಸ್ರಾರು ವರ್ಷ ಉಳಿಸಿಕೊಟ್ಟಿದೆ.

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯು ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ 1959-60ರಲ್ಲಿ ಉತ್ಖನನ ಆರಂಭವಾಯಿತು. ಅದರ ವರದಿಯು 1971ರಲ್ಲಿ ಪ್ರಕಟವಾಯಿತು. ಕೆಳಸ್ತರದಲ್ಲಿ ನವಶಿಲಾಯುಗದ ಜನರ ನೆಲೆಯೂ ಸಮಾಧಿಗಳೂ, ನಯಗೊಳಿಸಿದ ಬೂದುಬಣ್ಣದ ಮಡಕೆಗಳೂ, ಸುಟ್ಟ ಮಣ್ಣಿನ ತಲೆಯಾಸರೆಯೂ ದೊರೆತವು. ಮರ, ಹುಲ್ಲು, ಚರ್ಮಗಳು ನಮ್ಮ ನೆಲದಲ್ಲಿ ಬೇಗ ಕರಗಿಹೋಗುತ್ತವೆ. ಹಸಿಮಣ್ಣಿನ ಪಾತ್ರೆಯೂ ಮಳೆಗೆ ಮತ್ತೆ ಮಣ್ಣಾಗುತ್ತದೆ. ಆದರೆ ಸುಮಾರು 600 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೆಂದ ಜೇಡಿಯು ತನ್ನೊಳಗೆ ಬೆರೆತ ನೀರನ್ನು ಕಳೆದುಕೊಂಡು ಪುನಃ ಜೇಡಿಯಾಗದು. ಆ ಜನರ ಕೈಕೆಲಸವು ನಮಗೆ ತಲಪಿರುವುದು ಇದರಿಂದಲೇ.

ಬಳಿಕ ಬಂದ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು ಅಗ್ನಿಯನ್ನು ಇನ್ನೂ ಜಾಣತನದಿಂದ ಬಳಸಿದುದಕ್ಕೆ ಸಾಕ್ಷಿಯಾಗಿವೆ. ಗಾಳಿಯಾಡಿದ ಹೊರಮೈ ಕೆಂಪಾಯಿತು. ಗಾಳಿ ತಗಲದ ಒಳಮೈ ಕಪ್ಪಾಯಿತು. ಬೆಂಕಿಗೆ ಗಾಳಿಯನ್ನು ಅಳೆದು ಕೊಡುವ ಈ ತಿಳಿವು ಕಬ್ಬಿಣದ ಕುಲುಮೆಗೂ ಅವಶ್ಯಕವಾದುದು. ಹಳ್ಳೂರಿನ ಉತ್ಖನನದಿಂದ ಕ್ರಿ. ಪೂ. ಸುಮಾರು 1000ದ ವೇಳೆಗೆ ಕರ್ನಾಟಕದಲ್ಲಿ ಕಬ್ಬಿಣವಿದ್ದುದು ತಿಳಿದುಬಂದಿದೆ.

ಬಳ್ಳಾರಿ ಸೀಮೆಯ ಕುಡತಿನಿ ಮೊದಲಾದೆಡೆಗಳಲ್ಲಿ ಬೂದಿದಿಬ್ಬಗಳಿವೆ. ಅವನ್ನು ಲೋಹದ ಕಿಟ್ಟವೆಂದು ಊಹಿಸಿದವರೂ ಇದ್ದರು. ರಾಬರ್ಟ್ ಬ್ರೂಸ್ ಫೂಟ್ ಅವು ಸಗಣಿಯ ಬೂದಿಯೆಂದು ಸೂಚಿಸಿದ್ದನು. 1960ರಲ್ಲಿ ಝೋಯ್ನರ್ ಪರೀಕ್ಷೆಗಳಿಂದ ಅದನ್ನು ಸಮರ್ಥಿಸಿದನು. 1957ರಲ್ಲಿ ಆಲ್ಚಿನ್ ಉತ್ನೂರಿನಲ್ಲಿ ದನದ ದೊಡ್ಡಿಗಳ ಗುರುತನ್ನು ಕಂಡನು. ಹೀಗೆ ಪಶುಪಾಲಕರ ಜೀವನವೊಂದು ಬೂದಿಯಿಂದಲೇ ಹೊರಬಿತ್ತು.

ಇದ್ದಿಲಿನ ವಿಷಯವೂ ಇಂಥದೇ. ಮರವು ಬದುಕಿದ್ದಾಗ ಪಡೆದ ಇಂಗಾಲ-14ರಲ್ಲಿ ಅರ್ಧಭಾಗವು ಸುಮಾರು 5730 ವರ್ಷಗಳಲ್ಲಿ ಕ್ಷಯಿಸುವುದರಿಂದ, ಒಲೆಯ ಒಂದು ತುಂಡು ಇದ್ದಿಲು ಕಾಲವನ್ನು ಹೇಳಬಲ್ಲುದು. ನರಸೀಪುರದ ನವಶಿಲಾಯುಗವನ್ನು ಕ್ರಿ. ಪೂ. ಎರಡನೆಯ ಸಹಸ್ರಮಾನದಲ್ಲಿ ಇರಿಸಲು ಇಂತಹ ಸಾಕ್ಷ್ಯವೇ ಆಧಾರ.

ಬೂದಿಯನ್ನು ಗೊಬ್ಬರಕ್ಕಾಗಿ, ನದೀತೀರದ ಮಣ್ಣನ್ನು ಇತರ ಕೆಲಸಗಳಿಗಾಗಿ ಅಗೆದೊಯ್ಯುವಾಗ, ಬರವಣಿಗೆಯಿಲ್ಲದ ಜನರ ಏಕೈಕ ದಾಖಲೆಯೇ ನಾಶವಾಗುತ್ತದೆ. ಆದುದರಿಂದ ವಿದ್ಯಾರ್ಥಿಗಳು ಹೊಲದ ಬದುವಿನಲ್ಲಿ ಬೂದಿಯ ಪದರವನ್ನೋ ಓಡಿನ ಚೂರುಗಳನ್ನೋ ಕಂಡರೆ ಅವನ್ನು ಎತ್ತದೆ, ಸ್ಥಳವನ್ನು ಗುರುತಿಸಿ ತಮ್ಮ ಅಧ್ಯಾಪಕರಿಗೆ ತಿಳಿಸಬೇಕು. ಸ್ತರದಿಂದ ಬೇರ್ಪಟ್ಟ ಚೂರು ತನ್ನ ಅರ್ಥದ ಬಹುಭಾಗವನ್ನು ಕಳೆದುಕೊಳ್ಳುತ್ತದೆ.